ನೆಲಮಾಳಿಗೆಯ ಹಳದಿ ಉರಿ

ನನ್ನ ತಲೆಯ ಮೇಲಿನ ಮರದ ಹಲಗೆ ಕಿರ್ ಎಂದಿತು.

ನಾನು ಡಾಕ್ಟರ್ ಪೆಂಡ್ರಿಯವರ ನೆಲಮಾಳಿಗೆಯಲ್ಲಿ ಮಂಡಿಯೂರಿ ಕುಳಿತಿದ್ದೆ. ಬಟ್ಟೆ ಒಣಗಿಸುವ ಯಂತ್ರದ ಕೆಳಗಿನ ತಗಡು ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಒಂದು ಕೈಯಲ್ಲಿ ಟಾರ್ಚ್ ಇತ್ತು, ಇನ್ನೊಂದು ಕೈ ಯಂತ್ರದ ಹೊಟ್ಟೆಯೊಳಗಿತ್ತು. ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಪಕ್ಕದ ಬಾಗಿಲಿನಿಂದ ಬಂದಿದ್ದೆ. ನಮ್ಮೂರು ಲಿಂಡನ್ ಫೋರ್ಡಿನಲ್ಲಿ ಪಕ್ಕದ ಬಾಗಿಲಿಗೆ ಬೀಗ ಹಾಕುವವರು ಯಾರಿದ್ದಾರೆ? ಸೋಮವಾರ ಬೆಳಿಗ್ಗೆ ಹತ್ತೂವರೆ ಎಂದರೆ ಊರಿನ ಹೆಂಗಸರೆಲ್ಲ ಬಟ್ಟೆ ಒಗೆಯುವ ಹೊತ್ತು, ಪೆಂಡ್ರಿಯವರು ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲು ಕೀಳುವ ಹೊತ್ತು.

ಉಸಿರು ಬಿಗಿಹಿಡಿದು ಕೇಳಿದೆ. ಮತ್ತೆ ಸದ್ದಿಲ್ಲ. ಐವತ್ತೆಂಟರ ಜನವರಿಯಲ್ಲಿ ಅಯೋವಾದ ಚಳಿ ಮರವನ್ನೂ ಬಿರಿಯುವಂತಿತ್ತು. ಮರವೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಕಳೆದ ಸೋಮವಾರ ಇದೇ ನೆಲದ ಮೇಲೆ ಡಾಕ್ಟರ ಹೆಂಡತಿ ವಿನ್ನಿ ವಿಷಗಾಳಿಗೆ ಸಿಕ್ಕಿ ಸತ್ತು ಬಿದ್ದಿದ್ದಳು. ಅದಕ್ಕೆ ಮೂರು ದಿನ ಮೊದಲು ಈ ಡ್ರೈಯರ್ ರಿಪೇರಿ ಮಾಡಿದ್ದ ಆರ್ಡೆಲ್ ಕ್ರೋಗ್‌ನ ತಪ್ಪೇ ಎಂದು ಶೆರಿಫ್ ಬರೆದುಕೊಂಡಿದ್ದ. ನಾಳೆ ಒಂಬತ್ತು ಗಂಟೆಗೆ ವಿಚಾರಣೆ, ಅದು ಮುಗಿದರೆ ಆರ್ಡೆಲ್ ನೇರ ಜೈಲಿಗೆ.

ನಾನು ಎಲ್ನೋರಾ ಟಫ್ಟ್. ಊರಿನ ಗ್ಯಾಸ್ ಕಂಪನಿಯಲ್ಲಿ ಕೆಲಸ. ಹೊಸದಾಗಿ ಒಲೆಯನ್ನೋ ಡ್ರೈಯರನ್ನೋ ಕೊಂಡವರ ಮನೆಗೆ ಟೋಪಿ, ಕೈಗವಸು ಹಾಕಿಕೊಂಡು ಹೋಗಿ, ಅದನ್ನು ನಡೆಸುವುದು ಹೇಗೆಂದು ಹೆಂಗಸರಿಗೆ ಕಲಿಸುತ್ತೇನೆ. ಕೆಟ್ಟದ್ದನ್ನು ಆರ್ಡೆಲ್ ಸರಿಮಾಡುತ್ತಾನೆ. ಹನ್ನೊಂದು ವರ್ಷ ಹೀಗೇ ನಡೆದಿದೆ. ನನ್ನ ಗಂಡ ತೀರಿಕೊಂಡ ವರ್ಷ ಚಳಿಗಾಲವಿಡೀ ನನ್ನ ಮೆಟ್ಟಿಲ ಹಿಮವನ್ನು ಯಾರೋ ಬೆಳಗಾಗುವ ಮೊದಲೇ ಗುಡಿಸಿ ಹೋಗುತ್ತಿದ್ದರು. ಮಾರ್ಚ್ ತಿಂಗಳಲ್ಲಿ ನನಗೆ ಗೊತ್ತಾಯಿತು, ಅದು ಆರ್ಡೆಲ್ ಎಂದು. ಬಿಟ್ಟುಬಿಡು ಎಂದು ಅವನೇ ಎಷ್ಟು ಸಲ ಹೇಳಿದರೂ, ಅಂಥವನನ್ನು ಜೈಲಿಗೆ ಹೋಗಲು ಬಿಟ್ಟು ನಾನು ಮನೆಯಲ್ಲಿ ಕುಳಿತು ಇಸ್ತ್ರಿ ಮಾಡುತ್ತಿರಲೇ? ಧೈರ್ಯವಂತೆ ಎಂದು ಬಂದವಳಲ್ಲ ನಾನು. ಹೆದರಿಕೊಂಡೇ ಬಂದೆ.

ಟಾರ್ಚನ್ನು ಮತ್ತೆ ಒಳಗೆ ಹಿಡಿದೆ.

ಬರ್ನರ್‌ನ ಬಾಯಲ್ಲಿ ಒಂದು ಪುಟ್ಟ ತಗಡಿನ ಕಿಂಡಿಯಿರುತ್ತದೆ. ಗ್ಯಾಸಿನ ಜೊತೆ ಎಷ್ಟು ಗಾಳಿ ಸೇರಬೇಕೆಂದು ಅದು ತೀರ್ಮಾನಿಸುತ್ತದೆ. ಗಾಳಿ ಸಾಕಷ್ಟಿದ್ದರೆ ಉರಿ ನೀಲಿ. ನೀಲಿ ಉರಿ ಯಾರನ್ನೂ ಕೊಲ್ಲುವುದಿಲ್ಲ. ಕಿಂಡಿ ಮುಚ್ಚಿದರೆ ಉರಿ ಹಳದಿಯಾಗಿ ಉದ್ದವಾಗುತ್ತದೆ, ಮಸಿ ಕಾರುತ್ತದೆ, ಮಸಿಯ ಜೊತೆ ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿಯನ್ನೂ ಕಾರುತ್ತದೆ.

ಕಿಂಡಿ ಪೂರ್ತಿ ಮುಚ್ಚಿತ್ತು.

ಆರ್ಡೆಲ್‌ಗೆ ಒಂದು ಅಭ್ಯಾಸವಿದೆ, ಕಂಪನಿಯವರೆಲ್ಲ ಅದಕ್ಕೆ ನಗುತ್ತಾರೆ. ಕಿಂಡಿಯನ್ನು ಹದಕ್ಕೆ ತಂದು ಸ್ಕ್ರೂ ಬಿಗಿದ ಮೇಲೆ, ಹೆಂಡತಿಯ ಕೆಂಪು ಉಗುರುಬಣ್ಣದಿಂದ ಅದರ ಮೇಲೊಂದು ಬೊಟ್ಟಿಡುತ್ತಾನೆ. ಯಾರಾದರೂ ಸ್ಕ್ರೂ ಮುಟ್ಟಿದರೆ ಬೊಟ್ಟು ಒಡೆಯಬೇಕು. ತಾನೇ ಮತ್ತೆ ಮುಟ್ಟಿದರೆ ಹೊಸ ಬೊಟ್ಟು ಇಡುತ್ತಾನೆ.

ಇಲ್ಲಿ ಬೊಟ್ಟು ನಡುವೆ ಸೀಳಿತ್ತು. ಹೊಸದು ಇಟ್ಟಿರಲಿಲ್ಲ. ಆರ್ಡೆಲ್ ಹೋದ ಮೇಲೆ ಯಾರೋ ಕೈ ಹಾಕಿದ್ದಾರೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಸಂತೋಷದಿಂದ ಅತ್ತುಬಿಡುವಂತಾಯಿತು.

ಇನ್ನೊಂದು ಸಾಕ್ಷಿ ಬುಟ್ಟಿಯಲ್ಲೇ ಕುಳಿತಿತ್ತು. ವಿನ್ನಿ ಸತ್ತಾಗ ಡ್ರೈಯರ್‌ನಲ್ಲಿದ್ದ ಹಾಸಿಗೆ ಬಟ್ಟೆಗಳನ್ನು ಶೆರಿಫ್ ತೆಗೆದು ಬುಟ್ಟಿಗೆ ಹಾಕಿ ಮರೆತಿದ್ದ. ಬಟ್ಟೆಯೆಂದರೆ ಅವನಿಗೆ ಹೆಂಗಸರ ವಿಷಯ. ನಾನು ಒಂದೊಂದನ್ನೂ ಬಿಡಿಸಿ ನೋಡಿದೆ, ಮೂಸಿದೆ. ಹಾಲಿನಷ್ಟು ಬಿಳುಪು, ಸೋಪಿನ ವಾಸನೆ ಬಿಟ್ಟರೆ ಏನಿಲ್ಲ.

ಗ್ಯಾಸ್ ಡ್ರೈಯರ್‌ನಲ್ಲಿ ಬರ್ನರ್‌ನ ಬಿಸಿಗಾಳಿಯನ್ನು ಫ್ಯಾನು ಎಳೆದು ನೇರವಾಗಿ ಡ್ರಮ್ಮಿನ ಬಟ್ಟೆಯೊಳಗಿಂದಲೇ ಹಾಯಿಸುತ್ತದೆ. ಉರಿ ಹಳದಿಯಾಗಿದ್ದರೆ ಮಸಿಯೆಲ್ಲ ಬಟ್ಟೆಗೇ ಬಡಿಯುತ್ತದೆ. ಈ ಬಟ್ಟೆಗಳು ಒಣಗಿದ್ದು ನೀಲಿ ಉರಿಯಲ್ಲಿ. ನೂಲಿನ ಧೂಳು ಹಿಡಿಯುವ ಜಾಲರಿಯಲ್ಲಿ ಮಾತ್ರ ಕಪ್ಪು ಮಸಿಯಿತ್ತು. ಅಂದರೆ ಹಳದಿ ಉರಿ ಉರಿದಾಗ ಡ್ರಮ್ಮು ಖಾಲಿಯಾಗಿ ತಿರುಗುತ್ತಿತ್ತು. ಎಲ್ಲ ಮುಗಿದ ಮೇಲೆ ಯಾರೋ ಒಣಗಿದ ಬಟ್ಟೆಗಳನ್ನು ಅಚ್ಚುಕಟ್ಟಾಗಿ ವಾಪಸು ತುಂಬಿದ್ದರು.

ಖಾಲಿ ಯಂತ್ರದ ಮುಂದೆ ವಿನ್ನಿ ಯಾಕೆ ನಿಂತಿದ್ದಳು? ತಲೆ ಸುತ್ತಿದಾಗ ಮೆಟ್ಟಿಲು ಹತ್ತಿ ಹೊರಗೆ ಯಾಕೆ ಹೋಗಲಿಲ್ಲ?

ಆಗ ಮೂಗಿಗೆ ಬಣ್ಣದ ವಾಸನೆ ಬಡಿಯಿತು. ಬರುವಾಗಲೇ ನೋಡಿದ್ದೆ, ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. ಮೆಟ್ಟಿಲ ಮೇಲಿನ ಬಾಗಿಲು ಹೊರಗಡೆ ಹಳೇ ಕಂದು, ಒಳಗಡೆ ಹೊಸ ಬಿಳಿ. ಹೆಂಡತಿ ಸತ್ತ ವಾರದಲ್ಲಿ ಯಾರಾದರೂ ನೆಲಮಾಳಿಗೆಯ ಬಾಗಿಲಿಗೆ ಬಣ್ಣ ಹೊಡೆಸುತ್ತಾರೆಯೇ? ಅದೂ ಒಳಗಡೆ ಮಾತ್ರ?

ಸಾಕು, ಎದ್ದು ಹೋಗೋಣ ಎಂದುಕೊಂಡೆ. ಕೈ ಹೊರಗೆಳೆಯುವಾಗ ಕಂಡಿತು: ಬರ್ನರ್‌ನ ಮೂಲೆಯಲ್ಲಿ, ಬರ್ನರ್ ಹೊತ್ತಿಸಲೆಂದೇ ಇರುವ ಪೈಲಟ್ ದೀಪ ಸಣ್ಣಗೆ ಉರಿಯುತ್ತಿತ್ತು.

ಸಾವಾದ ದಿನವೇ ಕಂಪನಿಯವರು ಪಾನೆ ಹಾಕಿ ಗ್ಯಾಸ್ ಮುಚ್ಚಿ, ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ ಹೋಗಿದ್ದರು. ಚೀಟಿ ಹಾಗೇ ನೇತಾಡುತ್ತಿತ್ತು. ಆದರೆ ದೀಪ ಹೊತ್ತಿತ್ತು. ಯಂತ್ರ ತಯಾರಾಗಿ ಯಾರಿಗೋ ಕಾಯುತ್ತಿತ್ತು.

"ಬಾಗಿಲು ತಟ್ಟಿದ್ರೆ ಕಾಫಿ ಕೊಡ್ತಿದ್ನಲ್ಲ, ಮಿಸೆಸ್ ಟಫ್ಟ್."

ಟಾರ್ಚ್ ಕೈಯಿಂದ ಜಾರಿ ಬಿತ್ತು.

ಡಾಕ್ಟರ್ ಲಾಯ್ಡ್ ಪೆಂಡ್ರಿ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದರು. ಆರಡಿ ಆಳು. ಕ್ಲಿನಿಕ್ಕಿನ ಬಿಳಿ ಕೋಟು, ಮೊಣಕೈವರೆಗೆ ಮಡಿಸಿದ ತೋಳು. ಮುಖದಲ್ಲಿ ಹಲ್ಲು ಕೀಳುವ ಮೊದಲು 'ಏನೂ ನೋವಾಗಲ್ಲ' ಅನ್ನುವಾಗಿನ ಅದೇ ನಗು.

"ಕ್ಲಿನಿಕ್ಕು..." ಎಂದೆ.

"ಬೇಗ ಮುಚ್ದೆ. ನಿಮ್ಮ ಕಂಪನಿ ಕಾರು ನಮ್ಮನೆ ಮುಂದೆ ನಿಂತಿದೆ ಅಂತ ಪಕ್ಕದ್ಮನೆ ಮಿಸೆಸ್ ಕುಬಿಚೆಕ್ ಫೋನ್ ಮಾಡಿದ್ರು. ಆ ಹೆಂಗಸಿಗೆ ಕಿಟಕಿ ಒಂದಿದ್ರೆ ಸಾಕು, ರೇಡಿಯೋನೂ ಬೇಡ."

"ನಾನು... ಯಂತ್ರ ಒಂದ್ಸಲ ನೋಡೋಣ ಅಂತ..."

"ನೋಡಿ, ನೋಡಿ. ಏನಾದ್ರೂ ಸಿಕ್ತಾ?"

ಸುಳ್ಳು ಹೇಳಬೇಕಿತ್ತು. ಹನ್ನೊಂದು ವರ್ಷ ಪಾಠ ಹೇಳಿದ ನಾಲಿಗೆ, ಪ್ರಶ್ನೆ ಕೇಳಿದ ಕೂಡಲೇ ಉತ್ತರ ಕೊಟ್ಟುಬಿಟ್ಟಿತು.

"ಗಾಳಿ ಕಿಂಡಿ ಯಾರೋ ಮುಚ್ಚಿದ್ದಾರೆ."

"ಯಾರೋ ಅಲ್ಲ. ಆರ್ಡೆಲ್ ಕ್ರೋಗ್."

"ಆರ್ಡೆಲ್ ಅಲ್ಲ ಡಾಕ್ಟ್ರೇ."

"ಹಾಗಾದ್ರೆ ನಾನಾ?" ಅವರು ಗೋಡೆಗೆ ಒರಗಿದರು. "ಮಿಸೆಸ್ ಕುಬಿಚೆಕ್ ಏನಂದ್ರು ಗೊತ್ತಲ್ಲ? ಹತ್ತು ಗಂಟೆವರೆಗೆ ನಮ್ಮ ಗೋಡೆ ಕೊಳವೆಯಿಂದ ಡ್ರೈಯರ್ ಹಬೆ ಹೊರಗೆ ಬರ್ತಾ ಇತ್ತಂತೆ. ಹತ್ತಕ್ಕೆ ನಿಂತೋಯ್ತಂತೆ. ಅಂದ್ರೆ ಹಬೆಕೊಳವೆ ಗೋಡೆಯಿಂದ ಕಳಚಿದ್ದು ಹತ್ತು ಗಂಟೆಗೆ. ಆವಾಗ ನನ್ನೆರಡೂ ಕೈ ಪೋಸ್ಟ್‌ಮ್ಯಾನ್ ಬಾಯೊಳಗಿತ್ತು. ಹೊರಗೆ ಏಳು ಜನ ಕಾಯ್ತಾ ಕೂತಿದ್ರು. ಎಲ್ಲರನ್ನೂ ಶೆರಿಫ್ ಕೇಳಾಯ್ತು."

ಅದು ನಿಜವೇ. ಆ ಹತ್ತು ಗಂಟೆಯೇ ಒಂದು ವಾರದಿಂದ ನನ್ನ ನಿದ್ದೆ ಕೆಡಿಸಿದ್ದು.

"ವಿನ್ನಿನೇ ಕಳಚಿದ್ದು," ಎಂದರು. "ಮಿಸೆಸ್ ಕುಬಿಚೆಕ್ ಮಾಡ್ತಾರಲ್ಲ, ಕೊಳವೆ ಬಾಯಿಗೆ ಹಳೇ ಕಾಲುಚೀಲ ಕಟ್ಟಿ ಬಿಸಿಗಾಳಿನ ಮನೆಯೊಳಗೇ ಬಿಡೋದು? ಅದನ್ನ ನೋಡಿ ಕಲಿತಿದ್ದಾಳೆ ಪಾಪ."

"ಅವರದು ಕರೆಂಟಿನ ಡ್ರೈಯರ್ರು. ಅದರಲ್ಲಿ ಬರೀ ಹಬೆ ಬರುತ್ತೆ. ಗ್ಯಾಸಿನದ್ರಲ್ಲಿ ಹಾಗೆ ಮಾಡಬಾರದು ಅಂತ ವಿನ್ನಿಗೆ ನಾನೇ ಹೇಳಿಕೊಟ್ಟಿದ್ದೆ. ಚರ್ಚಿನಲ್ಲಿ ಹತ್ತು ಜನ ಹೆಂಗಸರಿಗೆ ಅವಳೇ ಹೇಳಿದ್ಲು."

"ಮರೆತಿರಬೇಕು."

"ನಿಮ್ಮ ಕೊಳವೆಗೆ ಕಟ್ಟಿತ್ತು ಅಂತ ಶೆರಿಫ್ ತಗೊಂಡು ಹೋದ ಕಾಲುಚೀಲ ನೋಡಿದೀನಿ ನಾನು. ಒಂದೆಳೆ ನೂಲಿನ ಧೂಳಿಲ್ಲ. ಒಂದು ಹೊರೆ ಬಟ್ಟೆ ಒಣಗಿದ್ರೆ ಒಂದು ಮುಷ್ಟಿ ಬರಬೇಕಿತ್ತು."

ಅವರು ತಲೆಯಾಡಿಸಿದರು, ಚೂಟಿ ಹುಡುಗಿಯನ್ನು ಮೆಚ್ಚುವ ಮೇಷ್ಟರ ಹಾಗೆ. ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಹೆದರಿದಾಗ ಕೆಲವರಿಗೆ ಮಾತು ನಿಲ್ಲುತ್ತದೆ; ನನಗೆ ನಿಲ್ಲುವುದೇ ಇಲ್ಲ.

"ಡಾಕ್ಟ್ರೇ, ಈ ಬಾಗಿಲಿಗೆ ಒಳಗಡೆ ಮಾತ್ರ ಯಾಕೆ ಬಣ್ಣ ಹೊಡೆಸಿದ್ರಿ?"

ನಗು ಹಾಗೇ ಉಳಿಯಿತು, ಕಣ್ಣುಗಳು ಮಾತ್ರ ನಗುವುದನ್ನು ಬಿಟ್ಟವು.

ಅವರು ನನ್ನ ಪಕ್ಕದಿಂದ ಹಾದು ಬಟ್ಟೆ ಒಗೆಯುವ ಯಂತ್ರದ ಮುಚ್ಚಳ ತೆಗೆದರು. ಹಿಂಡಿದ ಟವೆಲುಗಳನ್ನು ಎರಡು ಕೈಯಲ್ಲಿ ತಬ್ಬಿ ತಂದು ಡ್ರೈಯರ್‌ಗೆ ತುಂಬಿದರು. ಅಷ್ಟು ಹೊತ್ತು ಮೆಟ್ಟಿಲಿನ ದಾರಿ ತೆರೆದೇ ಇತ್ತು. ಓಡಬಹುದಿತ್ತು. ಕಾಲುಗಳು ನೆಲಕ್ಕೆ ಅಂಟಿದ್ದವು. ಆ ನಾಲ್ಕು ಕ್ಷಣ ಹಾಗೇ ಕಳೆದುಹೋದವು.

"ನೀವು ಬಂದೇ ಬರ್ತೀರಿ ಅಂತ ದೀಪ ಹಚ್ಚಿಟ್ಟಿದ್ದೆ. ಬಂದಿದೀರಿ, ನನಗೂ ಸ್ವಲ್ಪ ಕಲಿಸಿ. ಹೆಂಡತಿ ಇಲ್ಲದವನು ಸೋಮವಾರ ಏನು ಮಾಡಬೇಕು ಹೇಳಿ?" ಬಾಗಿಲು ಮುಚ್ಚಿ ಗುಂಡಿ ತಿರುಗಿಸಿದರು. ಡ್ರಮ್ಮು ದಡದಡ ತಿರುಗತೊಡಗಿತು. ಒಳಗೆ ಭಸ್ ಎಂದು ಬರ್ನರ್ ಹೊತ್ತಿಕೊಂಡಿತು.

ಉರಿ ಹಳದಿಯಾಗಿತ್ತು. ಉದ್ದವಾಗಿ, ಸೋಮಾರಿಯಾಗಿ, ತುದಿಯಲ್ಲಿ ಕಪ್ಪು ಎಳೆ ಬಿಡುತ್ತ ಒಳಗೆ ನೆಕ್ಕುತ್ತಿತ್ತು. ಗೋಡೆಯಿಂದ ಕಳಚಿದ ಹಬೆಕೊಳವೆ ನನ್ನ ಕಾಲಬುಡದಲ್ಲೇ ಬಾಯ್ತೆರೆದು ಬೆಚ್ಚಗೆ ಉಸಿರಾಡಲು ಶುರುಮಾಡಿತು.

"ನೀಲಿ ಉರಿ ನಿಮ್ಮ ಗೆಳತಿ, ಹಳದಿ ಉರಿ ನಿಮ್ಮ ಶತ್ರು," ಎಂದರು ಡಾಕ್ಟರು. "ಹಾಗೇ ಅಲ್ವಾ ನೀವು ಹೇಳಿದ್ದು? ಕಂಪನಿ ಹಾಲ್‌ನಲ್ಲಿ ನೀವು ಪಾಠ ಮಾಡಿದ ದಿನ ನಾನು ವಿನ್ನಿ ಕೋಟು ಹಿಡ್ಕೊಂಡು ಹಿಂದೆ ಕೂತಿದ್ದೆ. ಹೆಂಗಸರ ಮಧ್ಯೆ ಒಬ್ಬನೇ ಗಂಡಸು. ಚೆನ್ನಾಗಿ ಹೇಳ್ತೀರಿ. ಒಂದು ಮಾತೂ ಮರೆತಿಲ್ಲ ನಾನು."

ನೆನಪಾಯಿತು. ಪಾಠ ಮುಗಿದ ಮೇಲೆ, ಕಿಂಡಿ ಮುಚ್ಚಿದರೆ ಎಷ್ಟು ಹೊತ್ತಿಗೆ ಅಪಾಯ ಎಂದು ಅವರು ಕೇಳಿದ್ದರು. ಗಂಡಸೊಬ್ಬ ಇಷ್ಟು ಕಾಳಜಿಯಿಂದ ಕೇಳುತ್ತಾನಲ್ಲ ಎಂದು ನಾನು ಹಿಗ್ಗಿ, ಬಿಡಿಸಿ ಬಿಡಿಸಿ ಹೇಳಿದ್ದೆ. ವಿನ್ನಿಯನ್ನು ಕೊಲ್ಲುವ ವಿದ್ಯೆಯನ್ನು ನಾನೇ ಕಲಿಸಿದ್ದೆ.

ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

"ಡಾಕ್ಟ್ರೇ! ನನ್ನ ಕಾರು ಹೊರಗಿದೆ. ಊರೆಲ್ಲ ನೋಡಿದೆ!"

"ನೋಡಲಿ. ಪರೀಕ್ಷೆ ಮಾಡೋಣ ಅಂತ ನೀವೇ ಬಂದ್ರಿ, ನೀವೇ ಗ್ಯಾಸ್ ತೆರೆದ್ರಿ. ಪಾಪ ಮಿಸೆಸ್ ಟಫ್ಟ್, ಆರ್ಡೆಲ್‌ನ ಉಳಿಸೋಕೆ ಹೋದ್ರು, ಅವನ ಯಂತ್ರ ಅವರನ್ನೂ ಬಿಡಲಿಲ್ಲ ಅಂತಾರೆ. ನಾಳೆ ವಿಚಾರಣೆ ಐದೇ ನಿಮಿಷದಲ್ಲಿ ಮುಗಿಯುತ್ತೆ."

ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

ಆಗ ಕಾಲಿಗೆ ಜೀವ ಬಂತು. ಮೆಟ್ಟಿಲು ಹತ್ತಿ ಎರಡೂ ಕೈಯಿಂದ ಬಾಗಿಲು ಗುದ್ದಿದೆ. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಬೆರಳಿಗೆ ಅಂಟಿತು. ಅದರ ಅಡಿಯಲ್ಲಿ ಮರ ನುಣುಪಾಗಿರಲಿಲ್ಲ. ನನ್ನ ಬೆರಳುಗಳು ನಾಲ್ಕು ಗೆರೆಗಳಲ್ಲಿ ಕುಳಿತವು. ಪಕ್ಕದಲ್ಲಿ ಮತ್ತೆ ನಾಲ್ಕು. ಇನ್ನೂ ಕೆಳಗೆ, ಮಂಡಿಯೂರಿದವಳ ಎತ್ತರದಲ್ಲಿ, ಮತ್ತೆ ನಾಲ್ಕು.

ವಿನ್ನಿ ಪರಚಿದ ಗುರುತು.

ಕೆಳಗೆ ಡ್ರಮ್ಮು ತನ್ನ ಪಾಡಿಗೆ ತಿರುಗುತ್ತಿತ್ತು.

ಯೋಚಿಸು ಎಲ್ನೋರಾ, ಯೋಚಿಸು. ಕಿಟಕಿಗಳಿಗೆ ದಪ್ಪ ಗಾಜಿನ ಇಟ್ಟಿಗೆ ಕಟ್ಟಿತ್ತು, ಸುತ್ತಿಗೆಯಿದ್ದರೂ ಒಡೆಯದು. ಬೇರೆ ಬಾಗಿಲಿಲ್ಲ. ಮೇಲಿನ ಕೋಣೆಗಳಿಂದ ಕೊಳೆ ಬಟ್ಟೆ ಜಾರಿಬಿಡುವ ತಗಡಿನ ಜಾರುಕೊಳವೆಯೊಂದಿತ್ತು, ಅದರಲ್ಲಿ ನನ್ನ ತೋಳು ತೂರಬಹುದೇ ಹೊರತು ನಾನಲ್ಲ.

ಯಂತ್ರ ನಿಲ್ಲಿಸುವುದು ಸುಲಭ. ಗುಂಡಿ ತಿರುಗಿಸಿದರಾಯಿತು. ಆದರೆ ಸದ್ದು ನಿಂತ ಕ್ಷಣವೇ ಆ ಮನುಷ್ಯ ಕೆಳಗೆ ಬರುತ್ತಾನೆ, ಆಮೇಲೆ ಆ ಎರಡು ಕೈಗಳೇ ಕೆಲಸ ಮುಗಿಸುತ್ತವೆ. ನನಗೆ ಡ್ರಮ್ಮು ತಿರುಗುತ್ತಲೇ ಇರಬೇಕು, ಉರಿ ಮಾತ್ರ ಸಾಯಬೇಕು.

ಪೈಲಟ್ ದೀಪದ ಬಿಸಿಗೆ ಮೂತಿಯೊಡ್ಡಿಕೊಂಡು ಒಂದು ತಾಮ್ರದ ತಂತಿ ಇರುತ್ತದೆ. ದೀಪ ಉರಿಯುತ್ತಿದೆ ಎಂದು ಅದು ಗ್ಯಾಸಿನ ಕವಾಟಕ್ಕೆ ಸುದ್ದಿ ಮುಟ್ಟಿಸುತ್ತಿರುತ್ತದೆ. ಸುದ್ದಿ ನಿಂತರೆ ಕವಾಟ ತಾನೇ ಮುಚ್ಚಿಕೊಳ್ಳುತ್ತದೆ. ಕವಾಟದ ತುದಿಯಲ್ಲಿ ಆ ತಂತಿಯನ್ನು ಹಿಡಿದಿರುವುದು ಒಂದು ಪುಟ್ಟ ನಟ್ಟು. ಅದನ್ನು ಪಾನೆಯಿಂದ ಬಿಗಿದರೆ ಒಳಗೆ ನಜ್ಜಾಗುತ್ತದೆ, ಬೆರಳಲ್ಲೇ ಬಿಗಿಯಬೇಕು ಎಂದು ಆರ್ಡೆಲ್ ಹೊಸಬರಿಗೆ ಬೈದು ಬೈದು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ.

ನೆಲಕ್ಕೆ ಒರಗಿ ಕೈ ತೂರಿಸಿದೆ. ಹಳದಿ ಉರಿಯ ಝಳ ಮೊಣಕೈಗೆ ಹೊಡೆಯಿತು. ತಲೆಯೊಳಗೆ ಆಗಲೇ ಸಣ್ಣಗೆ ಸುತ್ತಿಗೆ ಬಡಿಯುತ್ತಿತ್ತು. ಅದು ವಿಷವೋ ಭಯವೋ ಗೊತ್ತಾಗಲಿಲ್ಲ. ನಟ್ಟು ಸಿಕ್ಕಿತು, ಕೆಂಡದ ಹಾಗೆ ಸುಡುತ್ತಿತ್ತು. ಕರವಸ್ತ್ರ ಸುತ್ತಿ ಹಿಡಿದು ತಿರುಗಿಸಿದೆ. ಅಲುಗಲಿಲ್ಲ. ಎರಡನೇ ಸಲವೂ ಅಲುಗಲಿಲ್ಲ. ಮೂರನೇ ಸಲ ಬಾಯಲ್ಲಿ ಏನೇನು ಬೈಗುಳ ಬಂತೋ, ಪಾದ್ರಿ ಕೇಳಿಸಿಕೊಂಡಿದ್ದರೆ ನನ್ನನ್ನು ಚರ್ಚಿನಿಂದಲೇ ಓಡಿಸುತ್ತಿದ್ದರು. ನಟ್ಟು ಸಡಿಲವಾಯಿತು.

ಟಕ್.

ಕವಾಟ ಮುಚ್ಚಿತು. ಉರಿ ಕುಗ್ಗಿ ಆರಿತು. ಪೈಲಟ್ ದೀಪವೂ ಆರಿತು. ಡ್ರಮ್ಮು ಮಾತ್ರ ಏನೂ ಆಗದ ಹಾಗೆ ದಡದಡ ತಿರುಗುತ್ತಲೇ ಇತ್ತು. ಹಬೆಕೊಳವೆಯ ಬಾಯಿಗೆ ಕೈಯೊಡ್ಡಿದೆ. ಬಿಸಿ ನಿಧಾನವಾಗಿ ಇಳಿದು ತಣ್ಣನೆ ಗಾಳಿ ಬಂತು.

ನೆಲದ ಮೇಲೆ ಕುಳಿತು ಸದ್ದಿಲ್ಲದೆ ಅತ್ತೆ.

ಆಮೇಲೆ ಲೆಕ್ಕ ಹಾಕಿದೆ. ಒಂದು ಹೊರೆ ಟವೆಲಿಗೆ ನಲವತ್ತು ನಿಮಿಷ. ಅಷ್ಟು ಹೊತ್ತು ಅವನು ಕಾಯುತ್ತಾನೆ. ಬಂದಾಗ ನಾನು ಸತ್ತಂತೆ ಬಿದ್ದಿರಬೇಕು. ಅವನು ಬಗ್ಗಿ ನೋಡುವಾಗ ಎದ್ದು ಮೆಟ್ಟಿಲ ಕಡೆ ಓಡಬೇಕು. ಒಡೆದ ಬೊಟ್ಟು, ಬಿಳಿ ಬಟ್ಟೆ, ಪರಚಿದ ಬಾಗಿಲು, ಇಷ್ಟನ್ನೂ ಶೆರಿಫ್‌ನ ಮುಂದೆ ಸುರಿದರೆ ನಾಳೆ ಆರ್ಡೆಲ್ ಮನೆಗೆ ಹೋಗುತ್ತಾನೆ. ಹತ್ತು ಗಂಟೆಗೆ ಇಲ್ಲಿಗೆ ಬಂದವರು ಯಾರು ಎಂಬುದನ್ನು ಶೆರಿಫ್ ಹುಡುಕಿಕೊಳ್ಳಲಿ.

ಮಲಗಿದೆ. ಸಿಮೆಂಟಿನ ಚಳಿ ಬೆನ್ನಿಗೆ ಹತ್ತಿತು. ವಿನ್ನಿ ಬಿದ್ದಿದ್ದ ಜಾಗ ಇದೇ ಎಂದು ನೆನಪಾಗಿ ಎರಡು ಅಡಿ ಆಚೆ ಸರಿದೆ.

ಹತ್ತು ನಿಮಿಷವಾಗಿರಬೇಕು. ಜಾರುಕೊಳವೆಯ ಮೇಲಿನ ಮುಚ್ಚಳ ಕಿರುಗುಟ್ಟಿತು. ಯಾರೋ ಅದನ್ನು ತೆರೆದು ಸುಮ್ಮನೆ ನಿಂತರು. ಕೇಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಅಲ್ಲ. ಅವನು ಕೊಳವೆಯ ಬಾಯಿಗೆ ಕೈ ಒಡ್ಡಿದ್ದ.

ಡ್ರೈಯರ್ ಉರಿಯುತ್ತಿದ್ದರೆ ನೆಲಮಾಳಿಗೆಯ ಬಿಸಿ ಆ ಕೊಳವೆಯಲ್ಲಿ ಮೇಲೇರುತ್ತದೆ. ಏರುತ್ತಿರಲಿಲ್ಲ. ಪೆದ್ದಿ ನಾನು, ಅದನ್ನು ಯೋಚಿಸಿರಲೇ ಇಲ್ಲ.

ಹೆಜ್ಜೆ ಸಪ್ಪಳ. ಟೆಲಿಫೋನಿನ ಡಯಲ್ ತಿರುಗಿತು. ಮುಚ್ಚಳ ತೆರೆದೇ ಇತ್ತು, ಒಂದೊಂದು ಮಾತೂ ಕೊಳವೆಯಲ್ಲಿ ಇಳಿದು ಬಂತು.

"ಆರ್ಡೆಲ್? ಪೆಂಡ್ರಿ ಮಾತಾಡ್ತಿರೋದು. ಬೇಗ ಮನೆ ಹತ್ರ ಬಾ... ಹ್ಞೂ, ಮಿಸೆಸ್ ಟಫ್ಟ್ ಇಲ್ಲೇ ಇದ್ದಾರೆ, ಕೆಳಗೆ... ಯಂತ್ರ ಮತ್ತೆ ಕೆಟ್ಟಿದೆ, ಬಿಸಿ ಆಗ್ತಿಲ್ಲ."

ಕೆಡುಕ! ನನ್ನ ಹೆಸರು ಹೇಳಿ ಆರ್ಡೆಲ್‌ನನ್ನು ಬಲೆ ಹಾಕಿ ಎಳೆಯುತ್ತಿದ್ದಾನೆ. ನಾಳೆ ಶೆರಿಫ್‌ಗೆ ನನ್ನ ಹೆಣ ಸಿಗುತ್ತದೆ, ಪಕ್ಕದಲ್ಲಿ ಆರ್ಡೆಲ್‌ನ ಪೆಟ್ಟಿಗೆ, ಪಾನೆ, ಅವನ ಬೆರಳಚ್ಚು. ಒಂದು ಸಾವಿಗೆ ಜೈಲಾದರೆ ಎರಡಕ್ಕೆ ಗಲ್ಲು.

ಸುಮ್ಮನೆ ಮಲಗಿದ್ದರೆ ನಾನು ಉಳಿಯುವ ಸಾಧ್ಯತೆಯಿತ್ತು. ದೇವರಾಣೆಗೂ ಆಗ ಅದು ತಲೆಗೆ ಹೊಳೆಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೂರು ಎಣಿಸುವಷ್ಟು ಹೊತ್ತು ಹಾಗೇ ಮಲಗಿಯೂ ಇದ್ದೆ. ಆಮೇಲೆ ಎದ್ದು ಕೊಳವೆಯ ಬಾಯಿಗೆ ಮುಖವಿಟ್ಟು ಎದೆ ಬಿರಿಯುವ ಹಾಗೆ ಕೂಗಿದೆ.

"ಆರ್ಡೆಲ್, ಬರಬೇಡ! ಇವನೇ ಕೊಂದಿದ್ದು! ಬರಬೇಡ ಕಣೋ!"

ಮುಚ್ಚಳ ದಡಾರನೆ ಬಿತ್ತು. ನಾನು ಸತ್ತಿಲ್ಲವೆಂದು ಈಗ ಅವನಿಗೆ ಗೊತ್ತಾಯಿತು. ಅಷ್ಟರೊಳಗೆ ಆರ್ಡೆಲ್‌ಗೆ ಕೇಳಿಸಿದ್ದರೆ ಸಾಕು ಎಂದು ಬೇಡಿಕೊಂಡೆ.

ಕೇಳಿಸಿರಲಿಲ್ಲವೇನೋ. ಐದಾರು ನಿಮಿಷದಲ್ಲಿ ಅವನ ಲಾರಿಯ ಸದ್ದು ಕೇಳಿತು. ಜಾರದಿರಲೆಂದು ಎಡಗಡೆ ಚಕ್ರಕ್ಕೆ ಸುತ್ತಿದ ಚೈನು ಸಡಿಲವಾಗಿ ಹಿಮದ ಮೇಲೆ ಟಪಟಪ ಬಡಿಯುವ ಸದ್ದು, ಊರಿಗೆಲ್ಲ ಗೊತ್ತಿರುವಂಥದ್ದು. ಪಕ್ಕದ ಬಾಗಿಲು ತೆರೆಯಿತು. ಬೂಟಿನ ಹಿಮ ಕೊಡವಿದ ಸದ್ದು. ಎರಡು ದನಿಗಳು ಮೆಲ್ಲಗೆ ಏನೋ ಆಡಿಕೊಂಡವು. ಚಿಲಕ ಸರಿಯಿತು.

ಆರ್ಡೆಲ್ ಒಬ್ಬನೇ ಇಳಿದು ಬಂದ. ಕಿವಿ ಮುಚ್ಚುವ ಟೋಪಿ, ಕೈಯಲ್ಲಿ ಪೆಟ್ಟಿಗೆ. ಮೇಲೆ ತೆರೆದ ಬಾಗಿಲಲ್ಲಿ ಡಾಕ್ಟರ ಬಿಳಿ ಕೋಟು ಕಾಣಿಸುತ್ತಿತ್ತು.

ಓಡಿಹೋಗಿ ಅವನ ತೋಳು ಹಿಡಿದೆ. "ಯಾಕೆ ಬಂದೆ? ನಿನ್ನನ್ನೂ ಮುಗಿಸ್ತಾನೆ ಇವನು! ಇಬ್ಬರೂ ಸೇರಿದ್ರೆ ಅವನನ್ನ ತಳ್ಳಿಕೊಂಡು ಹೋಗಬಹುದು. ನಿನ್ನ ಹತ್ರ ಪಾನೆ ಇದೆ, ಆರ್ಡೆಲ್, ನಡಿ!"

ಅವನು ನನ್ನ ಮುಖ ನೋಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ, ನೋವಾಗದ ಹಾಗೆ ಬಿಡಿಸಿದ. ನೇರ ಯಂತ್ರದ ಮುಂದೆ ಹೋಗಿ ಮಂಡಿಯೂರಿ ಒಳಗೆ ಕೈ ಹಾಕಿದ.

"ತಂತಿ ನೀನೇ ಬಿಚ್ಚಿದ್ದಾ?"

"ಹ್ಞೂ..."

"ಎಷ್ಟು ಹೇಳ್ದೆ ನಿನಗೆ, ಈ ವಿಷಯ ಬಿಟ್ಟುಬಿಡು ಅಂತ? ನಾನು ಜೈಲಿಗೆ ಹೋಗ್ತೀನಿ ಬಿಡು ಅಂತ?" ಅವನ ದನಿ ಒಡೆದಿತ್ತು. ಕೈ ಮಾತ್ರ ತನ್ನ ಪಾಡಿಗೆ ನಟ್ಟನ್ನು ಬೆರಳಲ್ಲಿ ಬಿಗಿಯುತ್ತಿತ್ತು. "ಕೇಳಲಿಲ್ಲ ನೀನು."

"ಆರ್ಡೆಲ್, ಏನು ಮಾಡ್ತಿದೀಯ?"

"ಅವತ್ತು ಹತ್ತು ಗಂಟೆಗೆ ಇಲ್ಲಿಗೆ ಬಂದಿದ್ದು ನಾನೇ ಕಣಮ್ಮಾ. ಡಾಕ್ಟ್ರು ಹೇಳಿದ್ದಕ್ಕೆ ಕಿಂಡಿ ಮುಚ್ಚಿದ್ದೂ ನಾನೇ, ಚಿಲಕ ಹಾಕಿದ್ದೂ ನಾನೇ."

ಡ್ರಮ್ಮು ತಿರುಗುತ್ತಿತ್ತು. ನನಗೆ ಇನ್ನೇನೂ ಕೇಳಿಸಲಿಲ್ಲ.

ಆರ್ಡೆಲ್ ಒಂದು ಬೆರಳಿನಿಂದ ಪೈಲಟ್ಟಿನ ಗುಂಡಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕಡ್ಡಿ ಗೀರಿದ.